ಮಣ್ಣಿಗೆಂದು ಎತ್ತಿಟ್ಟ ಕೆಂಪು ರವಿಕೆ

"ಗೇಟು ಹಾಕ್ಬೇಡ ನೆವೆನಾ... ಈ ಸಲನಾದ್ರೂ!"

ಆ ದನಿ ಕೇಳಿ ನೆವೆನಾಳ ಕೈಯಲ್ಲಿದ್ದ ಅಂಟಿನ ಕುಂಚ ಅಲ್ಲೇ ನಿಂತಿತು. ಗಂಡ ವೆಲ್ಕೊನ ಸಾವಿನ ಚೀಟಿಯನ್ನು ಅವಳು ಗೇಟಿಗೆ ಅಂಟಿಸುತ್ತಿದ್ದಳು. ವರ್ಷ ತುಂಬಿದಾಗಲೆಲ್ಲ ಹೊಸದು ಅಂಟಿಸಬೇಕು. ಊರಿನ ಯಾವ ಗೇಟೂ ಇದಕ್ಕೆ ಹೊರತಲ್ಲ. ಚೀಟಿಯ ಫೋಟೊದಲ್ಲಿ ವೆಲ್ಕೊ ನಗುತ್ತಿದ್ದ. ಅವಳು ಎತ್ತ ಹೋದರೂ ಆ ಕಣ್ಣುಗಳು ಅವಳನ್ನೇ ಹಿಂಬಾಲಿಸುತ್ತಿದ್ದವು.

ಎದುರಿಗೆ ಸ್ತಾಮೆನ್ ನಿಂತಿದ್ದ. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಗಂಡಸು. ಟೋಪಿ ತೆಗೆದು ಫೋಟೊಗೆ ತಲೆಬಾಗಿದ. ಅವನ ಬಗಲಲ್ಲಿ ಗೈದಾ ಇತ್ತು. ಮೇಕೆ ಚರ್ಮದ ಚೀಲಕ್ಕೆ ಕೊಳವೆ ಸಿಕ್ಕಿಸಿದ ಆ ವಾದ್ಯ ಕಂಡದ್ದೇ ತಡ, ನೆವೆನಾಳ ಎಡ ಅಂಗೈ ತಣ್ಣಗಾಯಿತು.

ಅಯ್ಯೋ... ಅದೇ ತಣುಪು!

ಒಂಬತ್ತು ವರ್ಷಗಳ ಹಿಂದೆ, ಮೇ ಹಬ್ಬದಲ್ಲಿ, ಹೊರೊ ಕುಣಿತದ ಸಾಲನ್ನು ಮುನ್ನಡೆಸಿದವಳು ಅವಳೇ. ಬಲಗೈಯಲ್ಲಿ ಕರವಸ್ತ್ರ, ಎಡಗೈಯಲ್ಲಿ ವೆಲ್ಕೊನ ಕೈ. ನುಡಿಸುತ್ತಿದ್ದವನು ಸ್ತಾಮೆನ್. "ಇನ್ನೂ ಜೋರಾಗಿ!" ಎಂದು ಅವಳು ಕೂಗಿದ್ದಳು. ಕುಣಿತದ ರಭಸ ಏರಿತು. ಅಷ್ಟರಲ್ಲೇ ಎಡಗೈಯಲ್ಲಿದ್ದ ಕೈ ಭಾರವಾಯಿತು... ಜಾರಿಹೋಯಿತು.

'ಈ ವಯಸ್ಸಲ್ಲಿ ಕುಣೀಬೇಕಿತ್ತಾ?' ಎಂದಿತು ಊರು. ಅಂದಿನಿಂದ ಮುದುಕರಿಗೆಲ್ಲ ಸಮುದಾಯ ಭವನದಲ್ಲಿ ಗೋಡೆಬದಿಯ ಕುರ್ಚಿಯೇ ಗತಿ. ಎಪ್ಪತ್ತಾದ ಕೂಡಲೇ ಕಾಲು ಕಳಚಿ ಬೀಳುತ್ತದೆ ಎನ್ನುವ ಹಾಗೆ! ಸ್ತಾಮೆನ್ ಮತ್ತೆ ಗೈದಾ ಮುಟ್ಟಿರಲಿಲ್ಲ. ಅವನು ಮನೆಗೆ ಬಂದಾಗಲೆಲ್ಲ ಅವಳು ಗೇಟು ಹಾಕಿದ್ದಳು. 'ನೀನೇ ಕೊಂದೆ ಅನ್ನೋಕೆ ಬಂದಿದಾನೆ' ಎಂಬ ಭಯ ಅವಳಿಗೆ.

"ಏನ್ ಬೇಕು?" ಎಂದಳು ಈಗ.

"ಭಾನುವಾರ ಹಬ್ಬದ ಮೊದಲ ಹೊರೊ ನಮ್ಮದು. ಎಪ್ಪತ್ತು ದಾಟಿದೋರದ್ದು ಮಾತ್ರ. ಭವನ ನೋಡ್ಕೊಳ್ಳೋ ರಲಿತ್ಸಾನ ಕಾಡಿ ಬೇಡಿ ಒಪ್ಪಿಸಿದೀನಿ. ಈ ಸಲ ಆಗ್ಲಿಲ್ಲ ಅಂದ್ರೆ ಸಾಯೋವರೆಗೂ ನಮಗೆ ಆ ಕುರ್ಚಿನೇ. ಮುಂದೆ ನಿಲ್ಲೋಕೆ ನೀನು ಬೇಕು."

"ಮುಂದೆ ನಿಂತು ಇನ್ನೊಬ್ಬರನ್ನ ಸಾಯಿಸ್ಲಾ?"

ಸ್ತಾಮೆನ್‌ನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗೇಟು ಮುಚ್ಚಿತ್ತು.

ಆದರೆ ಮನಸ್ಸಿಗೆ ಗೇಟು ಎಲ್ಲಿದೆ?

ಶನಿವಾರ ಅವಳು ಪೆಟ್ಟಿಗೆ ತೆರೆದಳು. ತಳದಲ್ಲಿ ಸಾವಿನ ಗಂಟು ಇತ್ತು. ಆ ಊರಿನ ಹೆಂಗಸರು ತಾವು ಮಣ್ಣಿಗೆ ಹೋಗುವಾಗ ಉಡುವ ಬಟ್ಟೆಯನ್ನು ಬದುಕಿದ್ದಾಗಲೇ ಮಡಿಸಿ ಕಟ್ಟಿಡುತ್ತಾರೆ. ತಮ್ಮಲ್ಲಿರುವ ಅತ್ಯಂತ ಚೆಂದದ್ದನ್ನು! ನೆವೆನಾ ಕಟ್ಟಿಟ್ಟದ್ದು ಕೆಂಪು ಕಸೂತಿಯ ಕುಣಿತದ ರವಿಕೆ. ವೆಲ್ಕೊ ಸತ್ತ ದಿನ ಅವಳು ತೊಟ್ಟಿದ್ದದ್ದೇ.

"ಏನೇ ಮಾಡ್ತಿದ್ದೀಯ?" ಚೀಸು ತುಂಬಿದ ಬಿಸಿ ಬಾನಿತ್ಸಾ ಹಿಡಿದು ಬಂದ ಪಕ್ಕದ ಮನೆ ಕೇರಾ ಹೌಹಾರಿದಳು. "ಆ ಗಂಟು ಬಿಚ್ಚಿದ್ರೆ ಸಾವನ್ನ ಕೂಗಿ ಕರೆದ ಹಾಗೆ!"

"ಕಟ್ಟಿಟ್ರೆ ಮಾತ್ರ ಅದು ದಾರಿ ಮರೆಯುತ್ತಾ ಕೇರಾ? ನಾಳೆ ಹೊರೊಗೆ ನನಗೆ ಇದೇ ಬೇಕು."

ಕೇರಾ ಬಾನಿತ್ಸಾವನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಆಮೇಲೆ ಗೊಣಗಿದಳು: "ಸರಿ ಬಿಡು... ನಂದೂ ಬಿಚ್ತೀನಿ. ಆದ್ರೆ ಅದ್ರೊಳಗೆ ನಾನು ಹಿಡೀಬೇಕಲ್ಲ! ಸಾಯೋ ಹೊತ್ತಿಗೆ ತೆಳ್ಳಗಾಗಿರ್ತೀನಿ ಅಂತ ಹೊಲಿಸಿದ್ದು."

ಎಷ್ಟೋ ಕಾಲದ ಮೇಲೆ ನೆವೆನಾ ಬಾಯ್ತುಂಬ ನಕ್ಕಳು. ನಕ್ಕ ಕೂಡಲೇ ಗೇಟಿನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಭಾನುವಾರ ಭವನದ ಅಂಗಳ ಕಿಕ್ಕಿರಿದಿತ್ತು. ರಲಿತ್ಸಾ ಗೋಡೆಬದಿಯಲ್ಲಿ ಕುರ್ಚಿ ಸಾಲಾಗಿಟ್ಟು, ಮೇಲೊಂದೊಂದು ಕಂಬಳಿಯನ್ನೂ ಹಾಕಿದ್ದಳು.

"ಅಜ್ಜಿ, ಸುಸ್ತಾದ್ರೆ ಕೂತ್ಕೊಳ್ಳಿ. ಚಪ್ಪಾಳೆ ಹೊಡೆದ್ರೂ ಸಾಕು."

"ಕಂಬಳಿ ನೀನೇ ಹೊದ್ಕೋ ಮಗಳೇ, ನಮ್ಮನ್ನ ನೋಡಿ ನಡುಗ್ತೀಯ!" ಎಂದಳು ಕೇರಾ.

ನೆವೆನಾ ಬಂದಳು. ಕೆಂಪು ರವಿಕೆ... ತಲೆವಸ್ತ್ರದ ಅಂಚಿಗೆ ಸಿಕ್ಕಿಸಿದ ಹೂಗೊಂಚಲು. ಅಂಗಳ ಗುಸುಗುಸು ಎಂದಿತು. ವಿಧವೆ, ಅದೂ ಈ ವಯಸ್ಸಿನಲ್ಲಿ, ಹೂ ಮುಡಿಯುವುದೇ?

ಅವಳು ಕರವಸ್ತ್ರ ಎತ್ತಿದಳು. ಎಡಗೈಯನ್ನು ಕೇರಾ ಹಿಡಿದಳು. ಗೈದಾ ಉಸಿರೆಳೆದು ಹಾಡತೊಡಗಿತು. ಮೊದಲ ಸುತ್ತು ನಿಧಾನ... ಎರಡನೆಯದು ಚುರುಕು... ಮಂಡಿಗಳು ನೆನಪಿಟ್ಟಿದ್ದವು!

ಇದ್ದಕ್ಕಿದ್ದಂತೆ ಎಡಗೈ ಭಾರವಾಯಿತು. ಅದು ಕೇರಾಳ ಕೈಯಲ್ಲ. ದೊಡ್ಡದು, ತಣ್ಣಗಿನದು, ಜಾರುತ್ತಿರುವುದು...

ವೆಲ್ಕೊ!

ನೆವೆನಾ ನಿಂತುಬಿಟ್ಟಳು. ಸಾಲಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

"ನೋಡಿದ್ರಾ? ನಾ ಹೇಳ್ಲಿಲ್ವಾ!" ಯಾರೋ ಕೂಗಿದರು. ರಲಿತ್ಸಾ ಕುರ್ಚಿ ಎತ್ತಿಕೊಂಡು ಓಡಿಬಂದಳು.

ಗೈದಾ ಮಾತ್ರ ನಿಲ್ಲಲಿಲ್ಲ. ಸ್ತಾಮೆನ್ ನುಡಿಸುತ್ತಲೇ ಅವಳೆದುರು ಬಂದು ನಿಂತ. ಊದುಕೊಳವೆಯಿಂದ ಬಾಯಿ ತೆಗೆದ. ಚೀಲದಲ್ಲಿ ಗಾಳಿ ಇರುವಷ್ಟು ಹೊತ್ತು ಹಾಡು ನಡೆಯುತ್ತದೆ. ಅಷ್ಟೇ ಸಮಯ ಅವನಿಗಿದ್ದದ್ದು.

"ಆವತ್ತು ನೀನು ಕೂಗೋಕೆ ಮೊದಲೇ ವೆಲ್ಕೊ ಕಣ್ಣು ಹೊಡೆದು, ಜೋರು ಮಾಡು ಅಂತ ಸನ್ನೆ ಮಾಡಿದ್ದ. 'ನನ್ನ ಹೆಂಡತಿ ಹಾರೋದನ್ನ ನೋಡ್ಬೇಕು' ಅಂದ. ಅವನು ಹೋಗಿದ್ದು ನಗ್ತಾ, ನೆವೆನಾ! ಹೇಳೋಕೆ ಎಷ್ಟು ಸಲ ಬಂದೆ... ನನ್ನ ಗೈದಾನೇ ಅವನನ್ನ ಕೊಂದಿತು ಅಂತ ನೀನು ಗೇಟು ಹಾಕ್ದೆ ಅಂದ್ಕೊಂಡೆ."

"ನಾನು... ನಾನೇ ಕೊಂದೆ ಅಂದ್ಕೊಂಡಿದ್ದೆ..."

ಚೀಲ ಸೊರಗುತ್ತಿತ್ತು. ಅವನು ಮತ್ತೆ ಊದಿದ.

ನೆವೆನಾ ಕಣ್ಣು ಮುಚ್ಚಿದಳು. ಅಂಗೈಯ ತಣುಪು ಇನ್ನೂ ಅಲ್ಲೇ ಇತ್ತು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ. 'ಬಾ, ನೀನೂ ಕುಣಿ' ಎಂದುಕೊಂಡು ಕೇರಾಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಇನ್ನೂ ಜೋರಾಗಿ!"

ಆ ಕೂಗಿಗೆ ಅಂಗಳವೇ ಬೆಚ್ಚಿತು. ಸಾಲು ಹೊರಟಿತು. ಹಾವಿನಂತೆ ಅಂಗಳವನ್ನೆಲ್ಲ ಸುತ್ತಿ ಗೋಡೆಬದಿಗೆ ಬಂತು. ಕುರ್ಚಿಗಳು ದಡದಡ ಉರುಳಿದವು, ಕಂಬಳಿಗಳು ಕಾಲಡಿ ಸಿಕ್ಕವು. ನಿಂತು ನೋಡುತ್ತಿದ್ದ ರಲಿತ್ಸಾಳನ್ನೂ ಸಾಲಿನ ಕೊನೆಯ ಅಜ್ಜ ಸೆಳೆದುಕೊಂಡ. ಅವಳಿಗೇ ಮೊದಲು ಏದುಸಿರು ಬಂತು!

ಕುಣಿತ ಮುಗಿದಾಗ ನೆವೆನಾಳ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

"ಹಾಳಾಯ್ತಲ್ಲೇ!" ಎಂದಳು ಕೇರಾ. "ಮಣ್ಣಿಗೆ ಹೋಗುವಾಗ ಏನ್ ಹಾಕ್ಕೋತೀಯ?"

"ಇದನ್ನೇ. ಒಗೀಬೇಡಿ ಅಂತ ಹೇಳಿರ್ತೀನಿ."

ಅಷ್ಟರಲ್ಲಿ ಯಾರೋ ಅವಳ ತಲೆವಸ್ತ್ರದಿಂದ ಹೂಗೊಂಚಲನ್ನು ಕಿತ್ತುಕೊಂಡರು. ನೆವೆನಾ ತಿರುಗಿದಳು. ಹುಡುಗಿಯ ಹೂ ಕಿತ್ತುಕೊಂಡ ಹುಡುಗ ಅವಳನ್ನು ಬಯಸಿದ್ದಾನೆಂದೇ ಅಲ್ಲಿ ಅರ್ಥ. ಹೂ ಹಿಡಿದು ನಿಂತಿದ್ದವನು ಸ್ತಾಮೆನ್. ಕಿವಿಯೆಲ್ಲ ಕೆಂಪು!

"ಕಳ್ಳ! ನಾಚಿಕೆ ಆಗಲ್ವಾ ಈ ವಯಸ್ಸಲ್ಲಿ?"

"ಹದಿನೆಂಟರಲ್ಲಿ ನಾಚಿಕೆ ಪಟ್ಟೆ. ವೆಲ್ಕೊ ಮೊದಲು ಕಿತ್ಕೊಂಡ."

ನೆವೆನಾಳ ಕಣ್ಣು ತುಂಬಿತು. ಇಷ್ಟು ಕಾಲ... ಇವನೂ ಒಂದು ನೆರಳಿನ ಜೊತೆಗೇ ಬದುಕಿದನೇ?

"ಹೂ ಕಿತ್ಮೇಲೆ ಹುಡುಗಿ ಅಪ್ಪನನ್ನ ಕೇಳ್ಬೇಕು, ಗೊತ್ತಿಲ್ವಾ? ನಮ್ಮಪ್ಪ ಗುಡ್ಡದ ಮೇಲಿನ ಸ್ಮಶಾನದಲ್ಲಿದಾನೆ. ಹತ್ತಿ ಹೋಗಿ ಕೇಳು."

"ಮಂಡಿ ನೋವು ಕಣೇ. ನಿನ್ನನ್ನೇ ಕೇಳಿದ್ರೆ ಆಗಲ್ವಾ?"

ಅವಳು ತನ್ನ ಎಡಗೈಯನ್ನು ಅವನ ಮುಂದೆ ಚಾಚಿದಳು.

"ತಣ್ಣಗಿದೆ ನೋಡು... ಇನ್ನೂ ಅವನಿದಾನೆ."

"ಇರ್ಲಿ ಬಿಡು," ಸ್ತಾಮೆನ್ ಆ ಕೈಯನ್ನು ತನ್ನೆರಡೂ ಕೈಯೊಳಗೆ ತೆಗೆದುಕೊಂಡ. "ನನಗೂ ಅವನು ಸ್ನೇಹಿತನೇ ಅಲ್ವಾ?"