ಆರನೆಯ ಬೆಣೆ

ಎಂಟು ದಿನ ಗಾಡಿಯನ್ನು ಯಾರೂ ಮುಟ್ಟಬಾರದು ಎಂದು ಹೇಳಿದವನು ಬಡಿಗೇರ ಗುತ್ತೆಪ್ಪನೇ. ಆ ಮಾತು ತಿರುಗಿ ಬಂದು ತನ್ನ ಮನೆಯನ್ನೇ ಹಾಳು ಮಾಡೀತು ಎಂದು ಅವನಿಗೇನು ಗೊತ್ತಿತ್ತು?

೧೯೫೮ರ ಮೇ ತಿಂಗಳು. ಮಾಸೂರಿನ ಸಾವಕಾರ ಮಹಾಲಿಂಗಪ್ಪನ ಸ್ಟೇಶನ್ ವ್ಯಾಗನ್ನಿಗೆ ಗುತ್ತೆಪ್ಪ ಮೂರು ಕೈ ವಾರ್ನಿಶ್ ಹೊಡೆದು, ಸಾವಕಾರನ ವಾಡೆ ಮನೆಯ ಚಪ್ಪರದ ಕೆಳಗೆ ಒಣಗಲು ಬಿಟ್ಟಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಅವನ ಹೆಂಡತಿ ಹೊನ್ನವ್ವನಿಗೆ ನೋವು ಬಂತು. ಮದುವೆಯಾಗಿ ಹದಿನಾರು ವರ್ಷಕ್ಕೆ ನಿಂತ ಬಸಿರು. ಸೂಲಗಿತ್ತಿ ಫಕ್ಕೀರವ್ವ ಹೊರಗೆ ಬಂದು, ಕೂಸು ಅಡ್ಡ ತಿರುಗಿದೆ, ತಾಸಿನೊಳಗೆ ಹಿರೇಕೆರೂರಿನ ದವಾಖಾನೆ ಮುಟ್ಟಿಸಿದರೆ ಇಬ್ಬರೂ ಉಳಿಯುತ್ತಾರೆ ಎಂದಳು. ಗುತ್ತೆಪ್ಪ ಬರಿಗಾಲಲ್ಲಿ ವಾಡೆಗೆ ಓಡಿದ. ಡ್ರೈವರ್ ಬಾಬಾಜಾನ ಸುದ್ದಿ ಕೇಳಿದವನೇ ಕೀಲಿ ಕೈಗೆ ತೆಗೆದುಕೊಂಡು ನಿಂತ. ಕಟ್ಟೆಯ ಮೇಲೆ ಎಲೆ ಹಾಕುತ್ತ ಕುಳಿತಿದ್ದ ಮಹಾಲಿಂಗಪ್ಪ ಮಾತ್ರ ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ನೀನ ಹೇಳೀಯಲ್ಲೋ ಗುತ್ತೆಪ್ಪಾ, ಎಂಟ ದಿನ ಯಾರೂ ಮುಟ್ಟಬಾರ್ದಂತ. ಇನ್ನ ನಾಕ ದಿನ ಐತಿ. ಎತ್ತಿನ ಗಾಡಿ ಹೂಡ್ಕೊಂಡ ಹೋಗು" ಎಂದ.

ಬಾಬಾಜಾನ ಕಾಲು ಹಿಡಿದು ಕೇಳಿಕೊಂಡ. ಸಾವಕಾರ ಅವನ ಕೈಯಿಂದ ಕೀಲಿ ಇಸಿದುಕೊಂಡು ಜೇಬಿಗೆ ಹಾಕಿದ. ಎತ್ತಿನ ಗಾಡಿ ಅರ್ಧ ದಾರಿ ಸಾಗುವಷ್ಟರಲ್ಲಿ ಹೊನ್ನವ್ವ ಕೂಗುವುದನ್ನು ನಿಲ್ಲಿಸಿದಳು. ಹಿರೇಕೆರೂರು ಕಾಣುವ ಮೊದಲೇ ತಾಯಿ, ಕೂಸು ಇಬ್ಬರೂ ಹೋಗಿಬಿಟ್ಟಿದ್ದರು.

ಆ ವ್ಯಾಗನ್ನಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಗುತ್ತೆಪ್ಪನ ಹೊಟ್ಟೆಯ ಉರಿಯಲ್ಲಿ ಅರ್ಧ ಪಾಲು ಅದರದೇ. ಅದು ಇಂಗ್ಲೆಂಡಿನಿಂದ ಬಂದ ಗಾಡಿ. ಮುಂದಿನ ಮೂತಿ ಕಬ್ಬಿಣದ್ದು, ಹಿಂದಿನದೆಲ್ಲ ಕಟ್ಟಿಗೆಯದು. ಊರವರು ಅದನ್ನು ಕಟಗಿ ಮೋಟಾರು ಎನ್ನುತ್ತಿದ್ದರು. ಅದರ ಹುಟ್ಟು ಮೈಯನ್ನು ಎರಡೇ ಮಳೆಗಾಲದಲ್ಲಿ ಗೆದ್ದಲು ತಿಂದು ಮುಗಿಸಿತ್ತು. ಆಗ ಗುತ್ತೆಪ್ಪ ಸವಣೂರಿನ ಹಳೆಯ ಮನೆಯೊಂದರ ಸಾಗವಾನಿ ತೊಲೆಗಳನ್ನು ತರಿಸಿ, ಒಂಬತ್ತು ತಿಂಗಳು ಕುಳಿತು ಹೊಸ ಮೈ ಕಟ್ಟಿಕೊಟ್ಟಿದ್ದ. ಒಂದು ಕಬ್ಬಿಣದ ಮೊಳೆ ಬಳಸದೆ, ಬರೀ ಕಟ್ಟಿಗೆಯ ಬೆಣೆ ಬಡಿದು ಕೂಡಿಸಿದ ಮೈ. ಎಂಟು ಜನ ಕುಳಿತು, ಹಿಂದೆ ಮೂರು ಚೀಲ ಮೆಣಸಿನಕಾಯಿ ಹೇರಿ, ಒಂದು ಕರುವನ್ನೂ ನಿಲ್ಲಿಸಬಹುದಿತ್ತು. ಹಿಂದಿನ ಬಾಗಿಲು ಎರಡು ಹೋಳು. ಮೇಲಿನದು ಎತ್ತಿದರೆ ನೆರಳು, ಕೆಳಗಿನದು ಇಳಿಸಿದರೆ ಕಟ್ಟೆ. ಸಂತೆಗೆ ಹೋದಾಗ ಜನ ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

ಅದರ ಹಟಗಳೂ ಅಷ್ಟೇ ಇದ್ದವು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳೆಯ ತೊಟ್ಟಿಲಿನ ಹಾಗೆ ಕಿರುಗುಡುತ್ತಿತ್ತು. ಮಳೆಗಾಲದಲ್ಲಿ ಊದಿಕೊಂಡು ಬಾಗಿಲು ಹಾಕಲು ಬರುತ್ತಿರಲಿಲ್ಲ, ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ. ಕಿಟಕಿಯ ಗಾಜು ಕೂರುವ ಕಾಲುವೆಯಲ್ಲಿ ಪಾಚಿ ಹಿಡಿಯುತ್ತಿತ್ತು. ದುಂಬಿಗಳು ಬಂದು ತೂತು ಕೊರೆಯುತ್ತಿದ್ದವು. ಬಾಬಾಜಾನ ಇದನ್ನೆಲ್ಲ ಮಗುವಿನ ತುಂಟತನದಂತೆ ಸಹಿಸಿಕೊಂಡು ದಿನಾ ಮುಂಜಾನೆ ಎರಡು ಕೊಡ ನೀರಿನಿಂದ ತೊಳೆದು ಒರೆಸುತ್ತಿದ್ದ. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಗುತ್ತೆಪ್ಪನ ಕೈಗೆ ಬರದಿದ್ದರೆ ಆ ಗಾಡಿ ಬದುಕುತ್ತಿರಲಿಲ್ಲ. ತಾನು ಹಡೆದ ಗಾಡಿ ತನ್ನ ಹೆಂಡತಿಯನ್ನು ಹತ್ತಿಸಿಕೊಳ್ಳಲಿಲ್ಲ ಎಂಬುದು ಗುತ್ತೆಪ್ಪನ ಗಂಟಲಲ್ಲಿ ಒಂದು ವರ್ಷ ಹಾಗೇ ಕುಳಿತಿತ್ತು.

ಅವನು ಅತ್ತಿದ್ದನ್ನು ಯಾರೂ ನೋಡಲಿಲ್ಲ. ಸಾವಕಾರ ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಕೈ ಮುಗಿದ. ಒಮ್ಮೆ ಮಹಾಲಿಂಗಪ್ಪ ಅವನ ಬೆನ್ನು ತಟ್ಟಿ, ಈ ಸಲದ ವಾರ್ನಿಶ್ ಕನ್ನಡಿಯಂತೆ ಬಂದಿದೆ ಎಂದು ಹೊಗಳಿದ. ಗುತ್ತೆಪ್ಪ ನಕ್ಕ. ಆ ದಿನವೇ ಅವನು ನಿಶ್ಚಯ ಮಾಡಿದ್ದು.

ಬ್ರೇಕಿನ ವಿಚಾರ ಬಂತು, ಬಿಟ್ಟ. ಅದರಲ್ಲಿ ಬಾಬಾಜಾನನೂ ಸಾಯುತ್ತಾನೆ. ಕೀಲಿ ಹಿಡಿದು ನಿಂತವನಿಗೆ ಆ ಶಿಕ್ಷೆ ಸಲ್ಲದು. ಬೆಂಕಿಯ ವಿಚಾರ ಬಂತು, ಅದನ್ನೂ ಬಿಟ್ಟ. ಬೆಂಕಿ ಹಚ್ಚುವವನು ಅಲ್ಲಿ ಇರಬೇಕಾಗುತ್ತದೆ. ಗುತ್ತೆಪ್ಪನಿಗೆ ಬೇಕಾದದ್ದು ತಾನು ಹತ್ತು ಹರದಾರಿ ದೂರ ಇದ್ದಾಗ ತಾನೇ ನಡೆಯುವ ಕೆಲಸ. ಅದನ್ನು ಕಟ್ಟಿಗೆಯಿಂದಲೇ ಮಾಡಿಸಬೇಕು. ಕಟ್ಟಿಗೆ ತನ್ನ ಮಾತು ಕೇಳುತ್ತದೆ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಸಾವಕಾರ ಯಾವಾಗಲೂ ಮುಂದೆ, ಡ್ರೈವರನ ಎಡಕ್ಕೆ ಕೂರುತ್ತಿದ್ದ. ಭಾರಿ ಮೈ. ಎಡಗೈಯನ್ನು ಬಾಗಿಲ ಮೇಲೆ ಚೆಲ್ಲಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಎಲೆಯಡಿಕೆ ಉಗುಳುತ್ತ ಹೋಗುವುದು ಅವನ ರೂಢಿ. ಸೋಮವಾರಕ್ಕೊಮ್ಮೆ ಗದ್ದೆ ನೋಡಲು ಮದಗದ ಕೆರೆಯ ಏರಿಯ ಮೇಲೆ ಹೋಗುತ್ತಿದ್ದ. ಏರಿಯ ನಡುವೆ ದಾರಿ ಬಲಕ್ಕೆ ಗಕ್ಕನೆ ತಿರುಗುತ್ತದೆ. ಒಳಗಿದ್ದವರೆಲ್ಲ ಎಡಕ್ಕೆ ವಾಲುತ್ತಾರೆ. ಎಡಕ್ಕೆ ಇರುವುದು ಕೆರೆಯ ಕಲ್ಲು ಕಟ್ಟಡದ ಇಳಿಜಾರು. ಮೇ ತಿಂಗಳಲ್ಲಿ ನೀರು ತಳ ಕಂಡಿರುತ್ತದೆ, ಕಲ್ಲು ಮಾತ್ರ ಇರುತ್ತದೆ.

ಮುಂದಿನ ಎಡಬಾಗಿಲ ತಿರುಗಣಿ ಕೀಲು ಕೂತಿದ್ದ ಪಟ್ಟಿಯನ್ನು ಕಂಬಕ್ಕೆ ಹಿಡಿದಿದ್ದವು ಆರು ಸಾಗವಾನಿ ಬೆಣೆಗಳು. ಅವನ್ನು ಕಿತ್ತು ಹಸಿ ಕಟ್ಟಿಗೆಯ ಬೆಣೆ ಬಡಿದರೆ ಮೊದಲ ವಾರ ಬಿಗಿಯಾಗಿಯೇ ಇರುತ್ತದೆ. ಬೇಸಿಗೆಯ ಬಿಸಿಲಿಗೆ ಐದಾರು ವಾರದಲ್ಲಿ ಒಣಗಿ ಕುಗ್ಗುತ್ತದೆ. ಆಮೇಲೆ ಒಂದು ದಿನ, ಒಂದು ತಿರುವಿನಲ್ಲಿ, ಬಾಗಿಲು ಮಹಾಲಿಂಗಪ್ಪನನ್ನು ಕರೆದುಕೊಂಡು ಹೋಗುತ್ತದೆ. ಬಡಿಗರಲ್ಲದವರಿಗೆ ಇದು ತಿಳಿಯುವ ಮಾತಲ್ಲ, ಸುತ್ತಿನ ಹತ್ತು ಹಳ್ಳಿಗೆ ಅವನಷ್ಟು ಬಲ್ಲ ಬಡಿಗ ಇರಲಿಲ್ಲ.

ಯಾವ ಕಟ್ಟಿಗೆ ಎಂಬುದಕ್ಕೆ ಅವನು ಹುಡುಕಾಡಲಿಲ್ಲ. ಹಿತ್ತಲಲ್ಲಿ ಹೊನ್ನವ್ವನ ನುಗ್ಗೆ ಇತ್ತು. ಮದುವೆಯಾಗಿ ಬರುವಾಗ ತವರು ದುಂಡಸಿಯಿಂದ ಮೊಳದುದ್ದದ ಟೊಂಗೆ ತಂದು ಬಚ್ಚಲ ನೀರು ಹರಿಯುವಲ್ಲಿ ಚುಚ್ಚಿದ್ದಳು. ಈಗ ಓಣಿಯ ಅರ್ಧ ಮನೆಗಳ ಹಿತ್ತಲಲ್ಲಿ ಅದರ ಟೊಂಗೆಗಳೇ ಮರವಾಗಿ ನಿಂತಿದ್ದವು. ಬಡಿಗೇರ ಮನೆಯಲ್ಲಿ ಉಳಿಗೆ ಒಗ್ಗದ ಬೆಂಡುಮರ ಎಂದು ಗುತ್ತೆಪ್ಪ ಗೇಲಿ ಮಾಡುತ್ತಿದ್ದ. ಅವಳು, "ನಿಮ್ಮ ಕಟಿಗಿ ಸತ್ತ ಮ್ಯಾಲ ನಿಮ್ಮ ಕೈಗೆ ಬರ್ತೈತಿ, ನಂದು ಹಂಗಲ್ರಿ" ಎಂದು ನಗುತ್ತಿದ್ದಳು. ನುಗ್ಗೆಯಷ್ಟು ನೀರು ತುಂಬಿದ, ಒಣಗಿದಾಗ ಅಷ್ಟು ಕುಗ್ಗುವ ಕಟ್ಟಿಗೆ ಇನ್ನೊಂದಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸದಲ್ಲಿ ಅವಳ ಕೈಯೂ ಇರಬೇಕು ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದಾಗ ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಯುಗಾದಿ ಮುಗಿದ ವಾರ ವ್ಯಾಗನ್ ಅವನ ಕೈಗೆ ಬಂತು. ಹಾಡುಹಗಲೇ, ಬಾಬಾಜಾನ ಬೀಡಿ ತರಲು ಹೋದಾಗ, ಗುತ್ತೆಪ್ಪ ಆರು ಬೆಣೆ ಬದಲಿಸಿದ. ಹೆಬ್ಬೆರಳ ಗಾತ್ರದ ಎಳೆ ಟೊಂಗೆಗಳು. ಸಿಪ್ಪೆಯನ್ನು ಬೇಕೆಂದೇ ಹೆರೆಯಲಿಲ್ಲ. ಒಣಗಿದಾಗ ಸಿಪ್ಪೆ ಬೇರೆ ಬಿಟ್ಟುಕೊಂಡರೆ ಹಿಡಿತ ಇನ್ನೂ ಬೇಗ ತಪ್ಪುತ್ತದೆ ಎಂಬ ಲೆಕ್ಕ. ತುದಿಗಳನ್ನು ಸಮ ಮಾಡಿ, ಕಾವಿ ಕಲಸಿ ಸವರಿ, ಮೇಲೆ ವಾರ್ನಿಶ್ ಹೊಡೆದ. ತಾನೇ ಮತ್ತೆ ನೋಡಿದರೂ ಗುರುತು ಸಿಗಲಿಲ್ಲ. ಗಾಡಿ ಒಪ್ಪಿಸುವಾಗ, ಎಂಟು ದಿನ ಯಾರೂ ಮುಟ್ಟಬಾರದು ಎಂದು ಈ ಸಲವೂ ಹೇಳಿದ. ಸಾವಕಾರ ಗೋಣು ಹಾಕಿದ. ಹೋದ ವರ್ಷ ಆ ಮಾತಿನಿಂದ ಏನಾಯಿತು ಎಂಬುದು ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಗುತ್ತೆಪ್ಪನಿಗೆ ಉಳಿದಿದ್ದ ಚೂರುಪಾರು ಅಳುಕೂ ಅಲ್ಲಿಗೆ ಹೋಯಿತು.

ಮರುದಿನವೇ ಅವನು ಹಾನಗಲ್ಲ ಸೀಮೆಯ ತಿಳವಳ್ಳಿಗೆ ಹೋಗಿ ಒಂದು ಹೊಸ ಮನೆಯ ಬಾಗಿಲು ಕೆತ್ತುವ ಕೆಲಸ ಹಿಡಿದ. ದಿನಾ ಹತ್ತು ಜನರ ಕಣ್ಣೆದುರು ಕುಳಿತು ಹೂಬಳ್ಳಿ ಕೆತ್ತಿದ. ಸೋಮವಾರ ಬಂತೆಂದರೆ ಉಳಿ ಸ್ವಲ್ಪ ನಿಧಾನವಾಗುತ್ತಿತ್ತು, ಅಷ್ಟೇ. ಐದನೆಯ ಸೋಮವಾರ ಸಂಜೆ ಬಸ್ಸಿನಿಂದ ಇಳಿದವರೊಬ್ಬರು ಸುದ್ದಿ ತಂದರು: ಮಾಸೂರಿನ ಸಾವಕಾರ ಏರಿಯ ತಿರುವಿನಲ್ಲಿ ಬಾಗಿಲ ಸಮೇತ ಕಲ್ಲಿನ ಮೇಲೆ ಬಿದ್ದು ಅಲ್ಲೇ ಸತ್ತನಂತೆ, ಡ್ರೈವರನಿಗೆ ಒಂದು ತರಚು ಗಾಯವೂ ಇಲ್ಲವಂತೆ. ಗುತ್ತೆಪ್ಪ ಹಿಡಿದಿದ್ದ ಹೂವಿನ ಎಸಳನ್ನು ಪೂರ್ತಿ ಮಾಡಿ ಉಳಿ ಕೆಳಗಿಟ್ಟ. ಹೊನ್ನವ್ವನ ಹೆಸರನ್ನು ಒಂದು ಸಲ ಮನಸ್ಸಿನಲ್ಲಿ ಹೇಳಿಕೊಂಡ.

ಮರುದಿನ ಹಿರೇಕೆರೂರು ಠಾಣೆಯ ಜಮಾದಾರ ಪೀರಸಾಬ ಅವನನ್ನೇ ಕರೆಸಿದ. ಕಟ್ಟಿಗೆಯ ಕೆಲಸ ಪರೀಕ್ಷೆ ಮಾಡಿ ಹೇಳಲು ಅವನಿಗಿಂತ ಬೇರೆ ಯಾರು? ಏರಿಯ ಮೇಲೆ ವ್ಯಾಗನ್ ಒಂದು ರೆಕ್ಕೆ ಕಳೆದುಕೊಂಡು ನಿಂತಿತ್ತು. ಬಾಬಾಜಾನ ಅದರ ಪಕ್ಕದಲ್ಲಿ ಮುಖ ಬಾಡಿಸಿಕೊಂಡು ಕುಳಿತಿದ್ದ. ಗುತ್ತೆಪ್ಪ ಕಲ್ಲುಗಳ ನಡುವೆ ಇಳಿದು, ಬಿದ್ದಿದ್ದ ಬಾಗಿಲಿನ ಪಟ್ಟಿಯಲ್ಲಿ ಲೊಡಲೊಡ ಆಡುತ್ತಿದ್ದ ಐದು ಬೆಣೆಗಳನ್ನು ಪೀರಸಾಬ ತಲೆ ತಗ್ಗಿಸಿ ಬರೆಯುವಾಗ ಒಂದೊಂದಾಗಿ ಕೈಚೀಲಕ್ಕೆ ಇಳಿಸಿದ. ಆರನೆಯದು, ಎಲ್ಲಕ್ಕಿಂತ ಕೆಳಗಿನದು, ಮೇಲೆ ಗಾಡಿಯ ಕಂಬದ ತೂತಿನಲ್ಲೇ ಮುರಿದು ಉಳಿದಿತ್ತು. ಮಣ್ಣು ಮೆತ್ತಿದ ಕಂದು ತುಂಡು. ಅದನ್ನು ಕೊರೆದು ತೆಗೆಯಲು ಹೋದರೆ ನೂರು ಕಣ್ಣು ಬೀಳುತ್ತವೆ. ಬಿಟ್ಟರೆ ತಾನು ಸುಡುಗಾಡಿಗೆ ಹೋಗುವವರೆಗೂ ಯಾರೂ ಕೇಳುವುದಿಲ್ಲ. ಬಿಟ್ಟ.

ಪೀರಸಾಬನ ಸಂಶಯವೆಲ್ಲ ಬಾಬಾಜಾನನ ಮೇಲಿತ್ತು. ದಿನವೂ ಗಾಡಿ ಮುಟ್ಟುವವನು ಅವನೊಬ್ಬನೇ, ಏನಾದರೂ ಸಡಿಲಿಸಿರಬಹುದೇ ಎಂದು ಕೇಳಿದ. ಗುತ್ತೆಪ್ಪನಿಗೆ ಕೀಲಿ ಹಿಡಿದು ನಿಂತಿದ್ದ ಆ ಕೈ ನೆನಪಾಯಿತು.

"ಅಂವಾ ಪಾಪದಂವ ಅದಾನ್ರಿ. ಆ ಬಾಗಲಾ ನನ್ನ ಕೈ ಬಿಟ್ಟ ಬ್ಯಾರೆ ಕೈ ಮುಟ್ಟಿಲ್ಲ. ಆರೂ ಬೆಣಿ ಸಾಗವಾನಿ, ಯುಗಾದಿ ಮುಗದ ಮ್ಯಾಲ ನಾನ ನೋಡಿ ಬಡದೇನಿ. ಬಿಸಲಿಗೆ ಕಟಿಗಿ ಜಗ್ಗೇತಿ, ಅವರ ಮೈಭಾರಾನೂ ಹಂಗಿತ್ತು. ದೇವರ ಇಚ್ಛಾ" ಎಂದ.

ಪೀರಸಾಬ ಅಷ್ಟನ್ನೂ ಪಂಚನಾಮೆಯಲ್ಲಿ ಅಕ್ಷರ ಬಿಡದೆ ಬರೆದ. ಗುತ್ತೆಪ್ಪ ದುಂಡಗೆ ರುಜು ಹಾಕಿದ. ಆ ಸಂಜೆ ಐದು ಬೆಣೆಗಳನ್ನೂ ಒಲೆಗೆ ಹಾಕಿ, ಅದೇ ಉರಿಯ ಮೇಲೆ ಅನ್ನಕ್ಕಿಟ್ಟ. ವ್ಯಾಗನ್ನನ್ನು ಎಳೆದುಕೊಂಡು ಹೋಗಿ ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಬಾಬಾಜಾನನಿಗೆ ಬೇರೆ ಕೆಲಸ ಇರಲಿಲ್ಲ. ಹಿರೇಕೆರೂರಿನಲ್ಲೇ ತಂಗಿಯ ಮನೆಯಲ್ಲಿ ಉಳಿದು, ಇನ್ನೂ ದಿನಾ ಮುಂಜಾನೆ ಠಾಣೆಗೆ ಹೋಗಿ, ಎರಡು ಕೊಡ ನೀರು ಹಾಕಿ ಆ ಮುರುಕು ಗಾಡಿಯನ್ನು ತೊಳೆಯುತ್ತಾನೆ ಎಂದು ಜನ ಆಡಿಕೊಂಡು ನಗುತ್ತಿದ್ದರು. ಕೇಳಿ ಗುತ್ತೆಪ್ಪನೂ ನಕ್ಕ. ಆ ಗಾಡಿಯ ಮೇಲೆ ಯಾರಿಗಾದರೂ ಅಷ್ಟು ಮಾಯೆ ಇರುವುದು ಅವನಿಗೆ ಒಳಗೊಳಗೇ ಹಿತವೆನಿಸಿತು. ಸತ್ತ ಸಾವಕಾರನ ಹೆಂಡತಿಗೆ ಗಾಡಿ ಬೇಡವಾಗಿತ್ತು. ರಿಪೇರಿ ಮಾಡಿ ತಾನೇ ಇಟ್ಟುಕೊಳ್ಳಬಹುದು, ಬಸಿರು ಹೆಂಗಸರನ್ನು ದವಾಖಾನೆಗೆ ಒಯ್ಯಲು ಬಿಡಬಹುದು, ಬಾಬಾಜಾನನೇ ನಡೆಸಲಿ ಎಂದೆಲ್ಲ ಅವನು ಕನಸು ಕಟ್ಟತೊಡಗಿದ.

ಜೂನಿನಲ್ಲಿ ಮಿರಗದ ಮಳೆ ಹಿಡಿದ ನಾಲ್ಕನೆಯ ದಿನ ಠಾಣೆಯಿಂದ ಕರೆ ಬಂತು. ಗಾಡಿಯನ್ನು ವಿಲೇವಾರಿ ಮಾಡುವ ಮಾತಿರಬೇಕು ಎಂದುಕೊಂಡು ಗುತ್ತೆಪ್ಪ ಒಗೆದ ಧೋತರ ಉಟ್ಟು ಹೋದ. ಬಾಬಾಜಾನ ಓಡಿ ಬಂದು ಕೈ ಹಿಡಿದು, ಒಂದು ಸೋಜಿಗ ತೋರಿಸುತ್ತೇನೆ ಎಂದು ಎಳೆದುಕೊಂಡು ಹೋದ. ದಿನಾ ನೀರು ಹಾಕಿದ್ದಕ್ಕೆ ಗಾಡಿ ತನಗೆ ಉತ್ತರ ಕೊಟ್ಟಿದೆ ಎಂದು ಅವನ ಮುಖ ಅರಳಿತ್ತು. ಬಾಗಿಲಿಲ್ಲದ ಎಡಗಂಬದ ಬುಡದಲ್ಲಿ, ಆರನೆಯ ಬೆಣೆಯ ತೂತಿನಿಂದ, ವಾರ್ನಿಶ್ ಸೀಳಿಕೊಂಡು ಬೆರಳುದ್ದದ ಹಸಿರು ಚಿಗುರು ಹೊರಗೆ ಬಂದಿತ್ತು. ದುಂಡು ದುಂಡಾದ ಸಣ್ಣ ಎಲೆಗಳ ಮೇಲೆ ಮಳೆಹನಿ ಕೂತಿತ್ತು. ಯಾವ ಗಿಡದ್ದೆಂದು ಹಿರೇಕೆರೂರಿನ ಯಾವ ಹೆಂಗಸಾದರೂ ದೂರದಿಂದಲೇ ಹೇಳುತ್ತಿದ್ದಳು. ಪೀರಸಾಬ ಪಂಚನಾಮೆಯ ಮಡಿಕೆ ಬಿಚ್ಚಿ ಹಿಡಿದು, ಬೆರಳಿಟ್ಟು ಒಂದು ಸಾಲು ಓದಿಕೊಂಡು, "ಸಾಗವಾನಿಗೆ ನುಗ್ಗಿ ಎಲಿ ಬರ್ತೈತೇನ್ರಿ ಬಡಿಗ್ಯಾರ?" ಎಂದು ಮೆಲ್ಲಗೆ ಕೇಳಿದ. ಗುತ್ತೆಪ್ಪನ ಕೈ ತಾನಾಗಿಯೇ ಚಿಗುರಿನ ಕಡೆ ಹೋಯಿತು. ಕೀಳಲೋ ಸವರಲೋ ಅವನಿಗೇ ತಿಳಿಯಲಿಲ್ಲ. ಪೀರಸಾಬ ಆ ಕೈಯನ್ನು ನಡುವೆಯೇ ಹಿಡಿದುಕೊಂಡ. "ಬ್ಯಾಡ್ರಿ. ಫೌಜದಾರ್ರು ಬರೂ ತನಕಾ ಅದನ್ನ ಯಾರೂ ಮುಟ್ಟಬಾರ್ದು" ಎಂದ.