ಮಣ್ಣು ಮಿಸ್ ಕ್ಲಾಸಿನ ಒಂದು ಸೀಟು

ಮೊದಲ ದಿನವೇ ಅವನು ಬೈಸಿಕೊಂಡ. ಅದೂ ಮಾತಿಲ್ಲದೆ, ಬರೀ ಕಣ್ಣಲ್ಲಿ.

ಆ ಮಾಂಟೆಸ್ಸರಿಯ ನಿಯಮವೇ ಹಾಗಿತ್ತು. ಮಗುವನ್ನು ಸೇರಿಸುವ ಮೊದಲು ಮನೆಯವರೊಬ್ಬರು ಮೂರು ದಿನ ಬೆಳಿಗ್ಗೆ ತರಗತಿಯ ಮೂಲೆಯಲ್ಲಿ ಕೂತು ನೋಡಬೇಕು. ಮಾತಾಡುವಂತಿಲ್ಲ, ಏಳುವಂತಿಲ್ಲ, ಮಗುವಿಗೆ ಸಹಾಯವನ್ನಂತೂ ಮಾಡಲೇಬಾರದು. ಕೂರುವುದಕ್ಕೆ ಕೊಟ್ಟಿದ್ದು ಮಕ್ಕಳ ಕುರ್ಚಿ. ಮಂಡಿ ಎರಡೂ ಗಲ್ಲಕ್ಕೆ ತಾಗುವ ಹಾಗೆ ಮುದುಡಿ ಕೂತಿದ್ದ. ಎದುರಿಗೆ ಅವನ ಅಕ್ಕನ ಮಗಳು ಪಿಟ್ಟೆ, ಮೂರೂವರೆ ವರ್ಷದ ಪೋರಿ, ಗಾಜಿನ ಹೂಜಿಯಿಂದ ಬಟ್ಟಲಿಗೆ ನೀರು ಸುರಿಯುತ್ತಿದ್ದಳು. ನೀರು ಬಟ್ಟಲನ್ನು ಬಿಟ್ಟು ಮೇಜೆಲ್ಲ ಹರಿಯಿತು. ಅವನು ಕರ್ಚೀಫ್ ಹಿಡಿದು ಅರ್ಧ ಎದ್ದೇಬಿಟ್ಟ.

ಆಗ ಟೀಚರ್ ತಿರುಗಿ ನೋಡಿದಳು. ಮೊಣಕೈವರೆಗೂ ಜೇಡಿಮಣ್ಣು ಮೆತ್ತಿಕೊಂಡಿದ್ದಕ್ಕೆ ಮಕ್ಕಳು ಅವಳನ್ನು ಮಣ್ಣು ಮಿಸ್ ಎನ್ನುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದರ ಮೇಲಿಂದ ಒಂದೇ ಒಂದು ನೋಟ: ಸುಮ್ಮನೆ ಕೂತ್ಕೊಳ್ಳಿ.

ಕೂತ. ಪಿಟ್ಟೆ ತಾನೇ ಬಟ್ಟೆ ತಂದು, ತಾನೇ ಒರೆಸಿ, ಮತ್ತೆ ಸುರಿಯತೊಡಗಿದಳು. ಅವನು ಮಾತ್ರ ಆ ಕನ್ನಡಕವನ್ನೇ ನೋಡುತ್ತಿದ್ದ. ಕನ್ನಡಕದಂಗಡಿ ಇಟ್ಟುಕೊಂಡವನು ಅವನು. ಒಂದು ಸ್ಕ್ರೂ ಬಿಗಿ ಮಾಡಿ, ಕಿವಿಯ ಹತ್ತಿರ ಕಡ್ಡಿಯನ್ನು ಚೂರು ಬಗ್ಗಿಸಿದರೆ ಮುಗಿಯಿತು. ಅವಳು ಬಗ್ಗಿದಾಗಲೆಲ್ಲ ಅದು ಜಾರುವುದು, ಅವಳು ಮಣ್ಣಿನ ಕೈ ಮಡಚಿ ತೋಳಿನಿಂದ ಮೇಲೆ ತಳ್ಳುವುದು. ಇಡೀ ಬೆಳಿಗ್ಗೆ ಅವನಿಗೆ ಅದನ್ನು ನೋಡುವುದೇ ಕೆಲಸವಾಯಿತು.

ಹೊರಡುವಾಗ ಬಾಗಿಲಲ್ಲಿ ಅವನೇ ಬಾಯಿಬಿಟ್ಟ. "ಮಿಸ್, ಈಗ ಮಾತಾಡಬಹುದಾ?"

"ಪರ್ಮಿಷನ್ ಇದೆ."

"ನಿಮ್ಮ ಕನ್ನಡಕ ಜಾರ್ತಿದೆ. ನಂದು ಕನ್ನಡಕದಂಗಡಿ, ಬಂದ್ರೆ ಸರಿಮಾಡಿ ಕೊಡ್ತೀನಿ."

"ಮೂರು ಗಂಟೆ ಕೂತು ನೀವು ನೋಡಿದ್ದು ಇದನ್ನಾ? ಮಗೂನ ನೋಡ್ಲಿಲ್ವಾ?"

ಅವನ ಕಿವಿ ಬಿಸಿಯಾಯಿತು. ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು.

ಅಂದು ಸಂಜೆ ಅವಳು ಅಂಗಡಿಗೆ ಬಂದಳು. ಮರುದಿನವೂ ಬಂದಳು, ಕಡ್ಡಿ ಕಿವಿಗೆ ಒತ್ತುತ್ತದೆ ಎಂದು. ಅದು ಒತ್ತುತ್ತಿರಲಿಲ್ಲ, ಅವನಿಗೂ ಗೊತ್ತಿತ್ತು. ಆದರೂ ಗಂಭೀರವಾಗಿ ಅವಳ ಕಿವಿಯ ಹಿಂದೆ ಬೆರಳಿಟ್ಟು ನೋಡಿದ. ಅಲ್ಲೊಂದು ಚೂರು ಮಣ್ಣು ಒಣಗಿ ಕೂತಿತ್ತು.

"ಏನಾದ್ರೂ ಸಿಕ್ತಾ, ಡಾಕ್ಟ್ರೇ?"

"ಸಿಕ್ತು. ಹೇಳೋಕೆ ಬರ್ತಿಲ್ಲ."

ಅವಳು ಕನ್ನಡಿಯಲ್ಲೇ ಅವನನ್ನು ನೋಡಿದಳು. ಅವನು ಸ್ಕ್ರೂಡ್ರೈವರ್ ಎಲ್ಲಿಟ್ಟೆನೆಂದು ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಮೂರನೆಯ ಸಂಜೆ ಅವಳು ಕನ್ನಡಕದ ಮಾತೇ ಎತ್ತಲಿಲ್ಲ. ಸ್ಟೂಲಿನ ಮೇಲೆ ಕೂತು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ನನ್ನ ಕ್ಲಾಸಲ್ಲಿ ಒಂದು ಸೀಟು ಖಾಲಿ ಇದೆ. ಪಿಟ್ಟೆಗೆ ಕೊಡ್ತಾರೆ."

"ಒಳ್ಳೇದಾಯ್ತಲ್ಲ!"

"ನಮ್ಮಲ್ಲೊಂದು ರೂಲ್ ಇದೆ. ಕ್ಲಾಸಿಗೆ ಬರೋ ಮಗೂನ ಮನೆಯವರ ಜೊತೆ ಟೀಚರಿಗೆ ಏನೂ ಇರಬಾರದು."

"ಏನೂ ಅಂದ್ರೆ?"

"ಈಗ ಇರೋದು."

ಬೇರೆ ಯಾರೂ ಇಷ್ಟು ಸಿಹಿಯಾದ ಮಾತನ್ನು ಇಷ್ಟು ಕೆಟ್ಟ ಸಮಯದಲ್ಲಿ ಕೇಳಿರಲಾರರು.

"ಎಷ್ಟು ದಿನ?" ಎಂದ.

"ಮಗು ಮೂರು ವರ್ಷ ಒಬ್ಬಳೇ ಟೀಚರ್ ಹತ್ರ ಇರುತ್ತೆ. ಮಾಂಟೆಸ್ಸರಿ ಅಂದ್ರೆ ಹಾಗೇನೇ."

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಭಾವ ವರ್ಷಕ್ಕೆ ಹತ್ತು ತಿಂಗಳು ಹಡಗಿನ ಮೇಲೆ. ಸ್ಕೂಲು ನೋಡುವ ಕೆಲಸವನ್ನು ಅಕ್ಕ ಪೂರ್ತಿ ತಮ್ಮನ ಮೇಲೆ ಹಾಕಿದ್ದಳು. ಅಂದು ಅವನು ಅಕ್ಕನ ಮುಖ ನೋಡದೆ ಸುಳ್ಳು ಹೇಳಿದ. "ಆ ಸ್ಕೂಲ್ ಪರವಾಗಿಲ್ಲ ಕಣೇ. ಆದ್ರೆ ಎರಡು ಬೀದಿ ಆಚೆ ಇನ್ನೊಂದಿದೆಯಲ್ಲ, ಅದೇ ವಾಸಿ. ಅಲ್ಲೂ ಆರ್ಟ್ ಇದೆ."

"ನೀನು ನೋಡಿದ್ರೆ ಮುಗೀತು. ನಿನ್ಮೇಲೆ ಬಿಟ್ಟಿದೀನಲ್ಲ," ಎಂದು ಅಕ್ಕ ಶೂ ಲೇಸ್ ಕಟ್ಟಿಕೊಂಡು ಡ್ಯೂಟಿಗೆ ಹೊರಟಳು. ಅವಳು ಒಂದೆರಡು ಪ್ರಶ್ನೆಯಾದರೂ ಕೇಳಬಾರದಿತ್ತೇ ಎಂದು ಅವನಿಗೆ ಅನ್ನಿಸಿತು.

ಎರಡು ಬೀದಿ ಆಚೆಯ ಸ್ಕೂಲಿನ ಬೋರ್ಡಿನಲ್ಲೂ ಮಾಂಟೆಸ್ಸರಿ ಎಂದೇ ಇತ್ತು. ಒಳಗೆ ಗೋಡೆಯ ತುಂಬ ಮೂವತ್ತು ಬಾತುಕೋಳಿ, ಮೂವತ್ತೂ ಹಳದಿ. ಪಿಟ್ಟೆಗೂ ಅಚ್ಚು ಹಾಕಿದ ಒಂದು ಬಾತುಕೋಳಿ ಸಿಕ್ಕಿತು. ಅವಳು ನೀಲಿ ಹಚ್ಚಿದಳು.

"ಅಯ್ಯೋ, ತಪ್ಪು ಪುಟ್ಟಿ," ಎಂದು ಅಲ್ಲಿಯ ಟೀಚರ್ ಪ್ರೀತಿಯಿಂದಲೇ ಇನ್ನೊಂದು ಹಾಳೆ ಕೊಟ್ಟು, ಹಳದಿ ಕ್ರೇಯಾನ್ ಕೈಗಿಟ್ಟರು.

ಪಿಟ್ಟೆ ಹಟ ಮಾಡುತ್ತಾಳೆ, ಹಾಳೆ ಎಸೆಯುತ್ತಾಳೆ ಎಂದು ಅವನು ಕಾದ. ಎಸೆಯಲಿ ಎಂದು ಬೇಡಿಕೊಂಡ ಎಂದರೂ ಸರಿಯೇ. ಅವಳು ಒಮ್ಮೆ ಮಾಮನ ಕಡೆ ನೋಡಿದಳು. ಆಮೇಲೆ ತೆಪ್ಪಗೆ ಹಳದಿ ಹಚ್ಚಿದಳು, ಗೆರೆಯ ಆಚೆ ಎಲ್ಲೂ ಹೋಗದ ಹಾಗೆ.

ತನ್ನ ಮೂರು ಸಂಜೆಗಳಿಗೋಸ್ಕರ ಈ ಮಗುವಿನ ಮೂರು ವರ್ಷಕ್ಕೆ ಕೈ ಹಾಕಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪಿಟ್ಟೆಯನ್ನು ಎತ್ತಿಕೊಂಡು ಹೊರಗೆ ಬಂದ. ಅಕ್ಕನಿಗೆ ಫೋನ್ ಮಾಡಿ, "ನಾನು ಹೇಳಿದ್ದು ಸುಳ್ಳು. ಮೊದಲನೇದೇ ಸರಿ," ಎಂದ. "ಯಾಕೋ, ಏನಾಯ್ತೋ?" ಎಂದು ಅವಳು ಕೇಳಿದಳು. ಆಮೇಲೆ ಹೇಳುತ್ತೇನೆಂದು ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ, ಉಳಿದ ಮಕ್ಕಳು ಬರುವ ಮೊದಲೇ, ಪಿಟ್ಟೆ ಚಪ್ಪಲಿ ಕಳಚಿ ನೇರ ಮಣ್ಣಿನ ಮೇಜಿಗೆ ಓಡಿದಳು. ಮಣ್ಣು ಮಿಸ್ ಅವನನ್ನು ನೋಡಿದಳು, ಅವನ ಕೈಯಲ್ಲಿದ್ದ ಅಡ್ಮಿಷನ್ ಫಾರಂ ನೋಡಿದಳು. ಮುಖ ಬಿಳಿಚಿಕೊಂಡಿತು.

"ಸೇರಿಸ್ತೀರಾ?"

"ಸೇರಿಸ್ಬೇಕು."

"ನೀವು ಸೇರಿಸದೇ ಇದ್ರೆ ನಂಗೆ ಕೋಪ ಬರ್ತಿತ್ತು. ಸೇರಿಸ್ತಿದ್ರೂ ಬರ್ತಿದೆ. ಏನ್ ಮಾಡ್ಲಿ ಹೇಳಿ?"

"ನಂಗೇನಾದ್ರೂ ಗೊತ್ತಿದ್ರೆ ಹೇಳ್ತಿದ್ದೆ."

ಅವಳು ದನಿ ತಗ್ಗಿಸಿದಳು. "ನಾನೇ ಕೆಲಸ ಬಿಟ್ಬಿಡ್ಲಾ?"

ಆಸೆ ಒಂದು ಗಳಿಗೆ ಅವನ ಬಾಯಿಯವರೆಗೂ ಬಂತು. ಅಷ್ಟರಲ್ಲಿ ಮಣ್ಣಿನ ಮೇಜಿನಿಂದ ಪಿಟ್ಟೆ, "ಮಿಸ್, ಇದು ಕುದುರೆ! ಕಾಲು ಆರು!" ಎಂದು ಕೂಗಿದಳು. ಮಿಸ್ ಅಲ್ಲಿಂದಲೇ, "ಆರು ಕಾಲಲ್ಲಿ ಜೋರಾಗಿ ಓಡುತ್ತಲ್ವಾ," ಎಂದಳು.

"ನೀವು ಹೋದ್ರೆ ಇವಳನ್ನ ನಾನು ಯಾರ ಹತ್ರ ಬಿಡ್ಲಿ?" ಎಂದ ಅವನು. "ಸ್ಕೂಲ್ ಅಲ್ಲ ಮಿಸ್ ನಾನು ಆರಿಸಿದ್ದು. ನಿಮ್ಮನ್ನ. ಇವಳಿಗೂ ನೀವೇ ಬೇಕು, ನಂಗೂ ನೀವೇ ಬೇಕು. ಇವಳದ್ದು ಮೊದಲು."

ಅವಳ ಕಣ್ಣು ತುಂಬಿ ಬಂತು. ಕೈ ಮಣ್ಣಾದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಅವನು ಒರೆಸುವಂತಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಮೊಣಕಾಲೆತ್ತರದ ಮಕ್ಕಳ ಒಂದು ಮೇಜು, ಅಷ್ಟೇ. ಅದನ್ನು ದಾಟಲು ಅವನಿಂದಾಗಲಿಲ್ಲ.

ಅವಳು ಕೈ ತೊಳೆದು ಬಂದು ಫಾರಂ ತೆಗೆದುಕೊಂಡು ಟೀಚರಿನ ದನಿಯಲ್ಲೇ ಕೇಳಿದಳು. "ಕರ್ಕೊಂಡು ಹೋಗೋಕೆ ದಿನಾ ಯಾರು ಬರ್ತಾರೆ?"

"ಅಕ್ಕಂಗೆ ಡ್ಯೂಟಿ. ನಾನೇ."

ಪೆನ್ನು ನಿಂತಿತು. "ಬೇರೆ ಯಾರೂ ಇಲ್ವಾ?"

"ಇಲ್ಲ."

"ದಿನಾ ನಿಮ್ಮನ್ನ ನೋಡಿ, ಮಗು ಇವತ್ತು ಏನ್ ಮಾಡ್ತು ಅಂತ ಎರಡು ಮಾತು ಹೇಳಿ ಕಳಿಸ್ಬೇಕು. ಮೂರು ವರ್ಷ. ನನ್ನ ಕೈಲಾಗಲ್ಲ."

"ನನ್ನ ಕೈಲೂ ಆಗಲ್ಲ."

ಹೊರಗೆ ಗೇಟಿನ ಹತ್ತಿರ ಮಕ್ಕಳ ಗಲಾಟೆ ಶುರುವಾಯಿತು. ಅವಳು ಬೇಗಬೇಗ ಆ ಜಾಗದಲ್ಲಿ 'ಮಾಮ' ಎಂದು ಬರೆದಳು. ಫಾರಂ ಮಡಚಿ ಎದೆಗೊತ್ತಿಕೊಂಡಳು.

"ಹನ್ನೆರಡೂವರೆಗೆ ಬಿಡ್ತೀವಿ ಸರ್," ಎಂದಳು. ಅವಳು ಅವನನ್ನು ಸರ್ ಎಂದದ್ದು ಅದೇ ಮೊದಲು. "ಒಂದು ನಿಮಿಷಾನೂ ಲೇಟ್ ಮಾಡಬೇಡಿ."