ಕೇಳಿದವರ ಸಾಲು

ಕಲ್ಲೇ ಸವೆದಿದೆಯೋ, ಯಾರಾದರೂ ಬೇಕೆಂದೇ ಎಣ್ಣೆ ಮೆತ್ತಿ ಮುಚ್ಚಿದ್ದಾರೋ? ಸವೆದದ್ದಾದರೆ ಕೊನೆಯ ಸಾಲೊಂದೇ ಏಕೆ? ನಿಲಂಗಾದಲ್ಲಿ ಇತಿಹಾಸ ಕಲಿಸುವ ರೇಣುಕಾಪ್ರಸಾದ ಶಾಸನದ ಮುಂದೆ ಮೊಣಕಾಲೂರಿ ಕೂತಿದ್ದ. ತುರೋರಿ ಊರಿನಾಚೆ, ಹೊಲಗಳ ನಡುವಿನ ಚಾಲುಕ್ಯರ ಕಾಲದ ಗುಡಿ. ಮೂರು ಗರ್ಭಗುಡಿಗಳು, ಬುಗುರಿಯಂತೆ ತಿರುವಿ ಕಡೆದ ಕರಿಗಲ್ಲಿನ ಕಂಬಗಳು. ಒಳಗೆ ಮಧ್ಯಾಹ್ನವೂ ಕತ್ತಲೆ. ಬಾವಲಿಯ ಹಿಕ್ಕೆಯ, ಹಳಸಿದ ಎಣ್ಣೆಯ ವಾಸನೆ.

"ಸರ್, ಆ ಸಾಲು ಕಣ್ಣಿಲೆ ಓದ್ರಿ. ಬಾಯಿಲೆ ಬ್ಯಾಡ," ಎಂದ ಪೂಜಾರಿ ರಾಚಯ್ಯ.

"ಓದಿದ್ರ ಸಾಯ್ತೀನೇನ್ರೀ?"

"ಓದಿದವರಿಗಿ ಏನೂ ಆಗಲ್ಲ. ಕೇಳಿದವರಿಗಿ ಆಗ್ತದ." ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಮುದುಕಿಯತ್ತ ಅವನು ಕೈ ತೋರಿಸಿದ. "ನಮ್ಮವ್ವ ಲಲಿತಾಬಾಯಿ. ಲಗ್ನಾಗಿ ಬಂದ ಹೊಸದ್ರಾಗ ಕೇಳ್ಯಾಳ. ಅವತ್ತಿಂದ ಮೂಕಿ."

ರಾಚಯ್ಯ ಕತೆ ಹೇಳಿದ. ಈ ಗುಡಿ ಕಟ್ಟಿದ ಶಿಲ್ಪಿಯ ನಾಲಗೆಯನ್ನು ಊರಿನ ಒಡೆಯ ಕೊಯ್ಯಿಸಿದಾಗ ಊರೆಲ್ಲ ಸುಮ್ಮನೆ ನೋಡುತ್ತ ನಿಂತಿತ್ತಂತೆ. ಆ ರಾತ್ರಿ ಶಿಲ್ಪಿ ತನ್ನ ರಕ್ತದಲ್ಲಿ ಉಳಿ ಅದ್ದಿ, ಮಾಟ ಕಟ್ಟಿ ಕೊರೆದ ಸಾಲಂತೆ ಇದು. ಓದುವವನು ಅವನಿಗೆ ನಾಲಗೆಯಾಗುತ್ತಾನಂತೆ.

"ನಾ ಹೇಳಿದ್ದೇ ಕೇಳಾಂಗಿಲ್ಲ, ನಿಮ್ಮ ಮಾತು ಕೇಳ್ತಾರೇನ್ರೀ ಇವ್ರು," ಎಂದು ಪ್ರಣಿತಾ ನಕ್ಕಳು. ಶಾಲೆಯ ಮಕ್ಕಳಿಗೆ ಹಾಡು ಕಲಿಸುವ ಅವಳು ಗಂಡನಿಗೆ ನೆರವಾಗಲು ಬಂದಿದ್ದಳು. ಬಾಗಿಲ ಬಿಸಿಲನ್ನು ಕನ್ನಡಿಯಿಂದ ಅಕ್ಷರಗಳ ಮೇಲೆ ಓರೆಯಾಗಿ ಬೀಳಿಸುತ್ತಿದ್ದಳು.

"ಆಕಿ ಒಂದಿನ ಸುಮ್ಮಾದ್ರ ನನಗ ಪುಣ್ಯ," ಎಂದು ಅವನೂ ನಕ್ಕ.

ರಾಚಯ್ಯ ನಗಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಹೊರಗೆ ಹೋದ. ಲಲಿತಾಬಾಯಿ ಎದ್ದು ಬಂದು ಪ್ರಣಿತಾಳ ಮೊಣಕೈ ಹಿಡಿದು ಎಳೆದಳು. ಪ್ರಣಿತಾ ಮೆಲ್ಲಗೆ ಬಿಡಿಸಿಕೊಂಡಳು.

ರೇಣುಕಾಪ್ರಸಾದ ಎಣ್ಣೆಯ ಜಿಡ್ಡು ಕೆರೆದ. ಬೆಳಕು ಓರೆಯಾಗಿ ಬಿತ್ತು. ಗಟ್ಟಿಯಾಗಿ, ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ ಓದಿದ.

"ಇದಂ ಕೇಳ್ದವರ ನಾಲಗೆ ಕಲ್ಲಕ್ಕುಂ."

ಕೇಳಿದವರ ನಾಲಗೆ ಕಲ್ಲಾಗುವುದು, ಅಷ್ಟೇ. ಮಾತು ಕಂಬದಿಂದ ಕಂಬಕ್ಕೆ ಬಡಿದು ಚಾವಣಿಯ ಕಲ್ಲಿನ ಕಮಲಕ್ಕೇರಿತು. ಅಲ್ಲಿ ಪಾರಿವಾಳಗಳ ಗುಟುರು ಥಟ್ಟನೆ ನಿಂತಿತು. ಕೊರಳು ಉಬ್ಬುತ್ತಿತ್ತು. ದನಿ ಇರಲಿಲ್ಲ. ಬಾಗಿಲಲ್ಲಿ ನಾಯಿಯೊಂದು ಬೊಗಳುತ್ತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ.

ಕನ್ನಡಿ ಬಿದ್ದು ಒಡೆಯಿತು.

ಪ್ರಣಿತಾ ಎರಡೂ ಕೈಗಳಿಂದ ಕೊರಳು ಹಿಡಿದಿದ್ದಳು. ತುಟಿಗಳು ಅವನ ಹೆಸರಿನ ಆಕಾರದಲ್ಲಿ ಅಲುಗಿದವು. ಏನೂ ಕೇಳಿಸಲಿಲ್ಲ.

ರಾಚಯ್ಯ ಓಡಿ ಬಂದು ಕಲ್ಲಿನ ಬುಡದಲ್ಲಿ ದೀಪ ಹಚ್ಚಿದ. "ಬತ್ತಿ ಆರೋದ್ರೊಳಗ ಕಲ್ಲಿಗಿ ಹಣಿ ಹಚ್ಚಿ ತಪ್ಪಾತು ಅನ್ರಿ. ಅವತ್ತು ಓದಿದಾವ ನಮ್ಮಪ್ಪ, ಅನ್ನಲಿಲ್ಲ. ನಮ್ಮವ್ವನ ನೋಡ್ರಿ."

ರೇಣುಕಾಪ್ರಸಾದ ಹಣೆ ಹಚ್ಚಿದ. ಕಲ್ಲು ಹೆಣದಂತೆ ತಣ್ಣಗಿತ್ತು. ಒಂದೇ ಮಾತು. ಆದರೆ ಯಾರಿಗೆ? ನಾಲಗೆ ಕೊಯ್ದವನ ಮೇಲೆ ತೀರದ ಸೇಡನ್ನು, ಕನ್ನಡಿ ಹಿಡಿದ ಹೆಂಗಸಿನ ಮೇಲೆ ತೀರಿಸಿಕೊಳ್ಳುವ ಕಲ್ಲಿಗೆ? ಸಿಟ್ಟು ಏರಿತು. ಕಲ್ಲಿನೊಳಗೆ ಏನೋ ಉಸಿರೆಳೆಯಿತು. ಹಸಿ ರಕ್ತದ ವಾಸನೆ. ಬತ್ತಿ ಚಿಟಪಟ ಎಂದಿತು. ಜ್ವಾಲೆ ಕುಗ್ಗಿತು. ನೀಲಿಯಾಯಿತು.

"ಅನ್ರೀ ಸರ್!"

ಅವನು ಹಣೆ ಎತ್ತಿದ. ಕಲ್ಲನ್ನು ನೇರ ನೋಡಿದ.

"ಓದಿದಾವ ನಾನು. ಆಕಿದು ಆಕಿಗಿ ಕೊಡು. ಬೇಕಾದ್ರ ನಂದು ತಗೋ."

ದೀಪ ಆರಿತು.

ಕತ್ತಲೆ. ಆಮೇಲೆ ಪ್ರಣಿತಾಳ ಚೀರಾಟ. ಗುಡಿಯೆಲ್ಲ ತುಂಬಿದ ಚೀರಾಟ. ಮೇಲೆ ಪಾರಿವಾಳಗಳು ಗುಟುರು ಹಾಕಿದವು. ಹೊರಗೆ ನಾಯಿ ಬೊಗಳಿತು. ಹೊಸ್ತಿಲಲ್ಲಿ ಲಲಿತಾಬಾಯಿ ತನ್ನ ಒಡಕು ದನಿಗೆ ತಾನೇ ಬೆಚ್ಚಿ, ಮಗನನ್ನು ಮೊದಲ ಸಲ ಹೆಸರು ಹಿಡಿದು ಕರೆದಳು.

ಪ್ರಣಿತಾ ಗಂಡನ ಭುಜ ಹಿಡಿದು ಅಲುಗಿಸಿದಳು. "ಏನರೆ ಮಾತಾಡ್ರೀ! ಒಂದ್ ಮಾತು!"

ಅವನು ಬಾಯಿ ತೆರೆದ. ಒಳಗೆ ನಾಲಗೆ ತಣ್ಣಗೆ, ಭಾರವಾಗಿ ಬಿದ್ದಿತ್ತು.

ಈಗಲೂ ಅವನು ತರಗತಿಗೆ ಹೋಗುತ್ತಾನೆ, ಪಾಠವನ್ನು ಹಲಗೆಯ ಮೇಲೆ ಬರೆಯುತ್ತಾನೆ. ಮನೆಯಲ್ಲಿ ಪ್ರಣಿತಾ ಹಾಡುವಾಗ ಬಾಗಿಲಿಗೆ ಒರಗಿ ಕೇಳುತ್ತಾನೆ. ತಪ್ಪಾಯಿತು ಎಂದು ಅವನು ಆ ಕಲ್ಲಿಗೆ ಹೇಳಲೇ ಇಲ್ಲ.